ಸ್ಪೋರ್ಟ್ಸ್ ಕಾರಿನ ಲೆದರ್: ಮಿಂಚುತ್ತಿದ್ದರೆ ಕೊಳೆ ಕೂತಿದೆ ಎಂದೇ ಅರ್ಥ

‘ತೆಂಗಿನೆಣ್ಣೆ ಸವರಬಹುದಾ?’ ಲೆದರ್ ಸೀಟಿನ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಮೊದಲ ಸ್ಥಾನ ಇದಕ್ಕೇ. ಎರಡನೆಯದು, ‘ಕಂಡೀಷನರ್ ಎಷ್ಟು ದಿನಕ್ಕೊಮ್ಮೆ ಹಾಕಬೇಕು?’ ಮೂರನೆಯದು ಪ್ರಶ್ನೆಯೂ ಅಲ್ಲ, ಸ್ಟೀರಿಂಗಿನ ಫೋಟೊ: ‘ಹತ್ತು ವರ್ಷ ಆಯ್ತು, ಇನ್ನೂ ಹೇಗೆ ಮಿಂಚ್ತಿದೆ ನೋಡಿ!’

ಮೂರಕ್ಕೂ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ಎಣ್ಣೆ ಬೇಡವೇ ಬೇಡ. ಕಂಡೀಷನರ್, ಅಂದರೆ ಲೆದರಿನ ಮೃದುತನ ಉಳಿಸುವ ಲೋಷನ್, ನೀವು ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆ ಸಾಕು. ಆ ಮಿಂಚು ಲೆದರಿನದಲ್ಲ, ಹತ್ತು ವರ್ಷದ ಅಂಗೈ ಜಿಡ್ಡಿನದು. ಈಗಿನ ಬಹುತೇಕ ಕಾರುಗಳ ಲೆದರ್ ಕಾರ್ಖಾನೆಯಿಂದ ಹೊರಬೀಳುವಾಗ ಮ್ಯಾಟ್ ಆಗಿಯೇ, ಹೊಳಪಿಲ್ಲದೆಯೇ ಇರುತ್ತದೆ. ನಮ್ಮ ಕೆಲಸ ಅದನ್ನು ಆ ಸ್ಥಿತಿಗೆ ವಾಪಸ್ ತರುವುದು.

ಸ್ಪೋರ್ಟ್ಸ್ ಕಾರಿಗೆ ಪ್ರತ್ಯೇಕವಾಗಿ ಯಾಕೆ ಬರೆಯಬೇಕು ಎಂದರೆ, ಆ ಕಾರುಗಳಲ್ಲಿ ಲೆದರ್ ಹಾಳಾಗುವ ರೀತಿಯೇ ಬೇರೆ. ಕಾರು ನೆಲಕ್ಕೆ ಹತ್ತಿರ, ಸೀಟು ಬಾವಿಯೊಳಗೆ ಇದ್ದಂತೆ. ಸೆಡಾನಿನಲ್ಲಿ ಕೂರುತ್ತೇವೆ, ಪೋರ್ಷೆ ಬಾಕ್ಸ್‌ಸ್ಟರ್‌ನಲ್ಲೋ ಬಿಎಂಡಬ್ಲ್ಯು ಝಡ್4ನಲ್ಲೋ ಬೀಳುತ್ತೇವೆ. ಬೀಳುವಾಗಲೂ ಏಳುವಾಗಲೂ ಮೈಭಾರವೆಲ್ಲ ಬೋಲ್ಸ್ಟರ್ ಮೇಲೆ. ಬೋಲ್ಸ್ಟರ್ ಎಂದರೆ ಸೀಟಿನ ಎರಡೂ ಬದಿಗೆ ದಿಂಬಿನ ಹಾಗೆ ಉಬ್ಬಿರುವ ಭಾಗ, ತಿರುವಿನಲ್ಲಿ ಮೈ ಜಾರದಂತೆ ಹಿಡಿಯುವುದಕ್ಕೆ. ನಮ್ಮಲ್ಲಿ ಸ್ಟೀರಿಂಗ್ ಬಲಕ್ಕೆ ಇರುವುದರಿಂದ ಡ್ರೈವರ್ ಸೀಟಿನ ಬಲ ಬೋಲ್ಸ್ಟರ್ ಎಲ್ಲಕ್ಕಿಂತ ಮೊದಲು ಸವೆಯುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಓಡೋಮೀಟರಿಗಿಂತ ಮೊದಲು ನಾನು ನೋಡುವುದು ಅದನ್ನೇ. ಛಾವಣಿ ತೆರೆಯುವ ಕಾರಾದರೆ ಇದರ ಮೇಲೆ ಬಿಸಿಲು, ಧೂಳು, ಆಗಾಗ ಅನಿರೀಕ್ಷಿತ ಮಳೆ.

ನೀವು ಒರೆಸುತ್ತಿರುವುದು ಚರ್ಮವನ್ನಲ್ಲ

ಈ ಒಂದು ವಿಷಯ ತಲೆಗೆ ಹೋದರೆ ಮುಂದಿನದೆಲ್ಲ ಸಲೀಸು. ಕಾರಿಗೆ ಬಳಸುವ ಲೆದರ್ ಸಾಮಾನ್ಯವಾಗಿ ದನದ ಚರ್ಮ, ದಪ್ಪ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಅದನ್ನು ಹದ ಮಾಡಿ, ಬಣ್ಣ ಹಾಕಿ, ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಜಾತಿಯ ತೆಳು ಲೇಪ ಕೊಟ್ಟಿರುತ್ತಾರೆ. ಲೇಪ ಕೂದಲೆಳೆಗಿಂತ ದಪ್ಪವೇನಲ್ಲ. ಆದರೆ ನಿಮ್ಮ ಕೈಗೆ ಸಿಗುವುದು, ಕೊಳೆಯಾಗುವುದು, ಸವೆಯುವುದು ಎಲ್ಲ ಆ ಲೇಪವೇ. ಇದಕ್ಕೆ ಪಿಗ್ಮೆಂಟೆಡ್ ಲೆದರ್ ಎನ್ನುತ್ತಾರೆ. ಬಣ್ಣದ ಲೇಪ ಇರುವ ಲೆದರ್ ಎಂದಿಟ್ಟುಕೊಳ್ಳಿ.

ಲೇಪ ಗಟ್ಟಿಯಾಗಿದ್ದರೆ ಎಣ್ಣೆ ಒಳಗೆ ಇಳಿಯುವುದೇ ಇಲ್ಲ. ಮೇಲೆಯೇ ಕೂತು ಧೂಳನ್ನು ಹಿಡಿದು ಕೂರಿಸಿಕೊಳ್ಳುತ್ತದೆ. ಧೂಳೆಂದರೆ ಸಣ್ಣ ಮರಳು. ನೀವು ಕೂತು ಎದ್ದಾಗಲೆಲ್ಲ ಆ ಎಣ್ಣೆ-ಮರಳಿನ ಪೇಸ್ಟು ಉಪ್ಪುಕಾಗದದಂತೆ ಲೇಪವನ್ನು ಉಜ್ಜುತ್ತದೆ. ತೆಂಗಿನೆಣ್ಣೆಯ ಕಥೆ ಇಷ್ಟೇ. ಸ್ವಲ್ಪ ದಿನ ಹೊಳೆಯುತ್ತದೆ, ಆಮೇಲೆ ಕಮಟು ವಾಸನೆ, ಅಂಟು, ಪ್ಯಾಂಟಿನ ಮೇಲೆ ಜಿಡ್ಡಿನ ಕಲೆ.

ಹಾಗಾದರೆ ಹಳಬರು ‘ಲೆದರಿಗೆ ಊಟ ಹಾಕಬೇಕು’ ಎನ್ನುತ್ತಿದ್ದುದು ಸುಳ್ಳೇ? ಅಲ್ಲ, ಅದು ಬೇರೆ ಕಾಲದ ಲೆದರಿನ ಮಾತು. ಲಂಡನ್ನಿನಲ್ಲಿ 1878ರಲ್ಲಿ ಶುರುವಾದ ಕಾನಲಿ ಎಂಬ ಸಂಸ್ಥೆ ರೋಲ್ಸ್ ರಾಯ್ಸ್, ಜಾಗ್ವಾರ್, ಫೆರಾರಿಗಳಿಗೆ ಲೆದರ್ ಕೊಡುತ್ತಿತ್ತು. ಅದರ ‘ಹೈಡ್ ಫುಡ್’ (ಚರ್ಮದ ಊಟ) ಎಂಬ ಕ್ರೀಮಿನ ಡಬ್ಬಿ ಆ ಕಾರುಗಳ ಮಾಲೀಕರಿಗೆ ದೇವರ ಪ್ರಸಾದವಿದ್ದಂತೆ. ಆಗಿನ ಲೆದರಿಗೆ ಅದು ಸರಿಯಿತ್ತು. ಲೇಪದ ಜಾತಿ ಬದಲಾಯಿತು, ಸಲಹೆ ಮಾತ್ರ ಹಾಗೇ ಉಳಿಯಿತು. ಕುದುರೆ ಜೀನಿಗೆ ಹಚ್ಚುವ ಎಣ್ಣೆಯನ್ನು ಕಾರಿಗೆ ಹಚ್ಚಿ ಎನ್ನುವವರು ಇವತ್ತಿಗೂ ಸಿಗುತ್ತಾರೆ.

ಬೇಕಾಗುವ ಸಾಮಾನು

ಮುಖ್ಯವಾದದ್ದು ಲೆದರ್ ಕ್ಲೀನರ್. ಬಾಟಲಿ ಮೇಲೆ ಪಿಎಚ್ ತಟಸ್ಥ ಎಂದೋ ತುಸು ಆಮ್ಲೀಯ ಎಂದೋ ಇರಬೇಕು. ಪಿಎಚ್ ಎಂದರೆ ಹುಳಿ-ಕ್ಷಾರದ ಅಳತೆ: 7 ನಡುಮಧ್ಯ, ಕೆಳಗೆ ಹೋದಷ್ಟೂ ಹುಳಿ, ಮೇಲೆ ಹೋದಷ್ಟೂ ಕ್ಷಾರ. ಹದ ಮಾಡಿದ ಚರ್ಮದ್ದು ತುಸು ಹುಳಿ ಸ್ವಭಾವ. ಎಂಜಿನ್ ತೊಳೆಯುವ, ಟೈರ್ ತೊಳೆಯುವ ಆಲ್ ಪರ್ಪಸ್ ಕ್ಲೀನರ್‌ಗಳು ಜೋರು ಕ್ಷಾರ. ಕೊಳೆಯನ್ನು ಚೆನ್ನಾಗಿಯೇ ತೆಗೆಯುತ್ತವೆ, ಜೊತೆಗೆ ಲೇಪವನ್ನೂ. ಬೀದಿ ಬದಿಯ ವಾಟರ್ ವಾಶ್ ಅಂಗಡಿಯ ಹುಡುಗ ಗುಲಾಬಿ ಬಣ್ಣದ ದ್ರವ ತುಂಬಿದ ಸ್ಪ್ರೇ ಬಾಟಲಿ ಹಿಡಿದು ನಿಮ್ಮ ಸೀಟಿನ ಕಡೆ ಬಂದರೆ, ‘ಒಳಗೆ ಬೇಡಪ್ಪಾ, ಹೊರಗೆ ಮಾತ್ರ’ ಎಂದು ಹೇಳಿಬಿಡಿ.

ಮೆತ್ತನೆಯ ಬ್ರಷ್ ಒಂದು. ಕುದುರೆ ಕೂದಲಿನದು ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಹೊಸದೊಂದು ಶೇವಿಂಗ್ ಬ್ರಷ್ ನಡೆಯುತ್ತದೆ. ಹಲ್ಲುಜ್ಜುವ ಬ್ರಷ್ ಹೊಲಿಗೆಗೆ ಮಾತ್ರ, ಅದೂ ‘ಸಾಫ್ಟ್’ ಜಾತಿಯದು. ತಿಳಿ ಬಣ್ಣದ ಮೈಕ್ರೋಫೈಬರ್ ಬಟ್ಟೆ ಎಂಟು ಹತ್ತು ಇರಲಿ. ತಿಳಿ ಬಣ್ಣ ಯಾಕೆಂದರೆ ಎಷ್ಟು ಕೊಳೆ ಬಂತೆಂದು ಕಾಣಬೇಕು. ನೀರು ಬೆರೆತ ಕಂಡೀಷನರ್, ಚಿಕ್ಕ ಬಾಟಲಿ ಸಾಕು. ಅದನ್ನು ಹಚ್ಚಲು ಒಂದು ಸ್ಪಂಜು. ವ್ಯಾಕ್ಯೂಮ್ ಕ್ಲೀನರಿಗೆ ಬ್ರಷ್ ಇರುವ ಮೂತಿ, ಚಪ್ಪಟೆ ಮೂತಿ ಎರಡೂ.

ನೀರಿನ ಬಗ್ಗೆ ಒಂದು ಮಾತು. ಬೋರ್‌ವೆಲ್ ನೀರಿನಲ್ಲಿ ಬಟ್ಟೆ ಅದ್ದಿ ಕಪ್ಪು ಸೀಟು ಒರೆಸಿದರೆ, ಒಣಗಿದ ಮೇಲೆ ಬೂದಿ ಸವರಿದ ಹಾಗೆ ಬಿಳಿ ಗೆರೆ ಉಳಿಯುತ್ತದೆ. ಅಡುಗೆಮನೆಯ ಫಿಲ್ಟರಿನ ಆರ್‌ಒ ನೀರು ಒಂದು ಚೊಂಬು ತಂದಿಟ್ಟುಕೊಳ್ಳಿ. ಕೆಲಸಕ್ಕೆ ಅಷ್ಟೇ ಸಾಕು.

ಎರಡು ಸೀಟಿನ ಕಾರಿಗೆ ಒಬ್ಬರೇ ಮಾಡಿದರೆ ಸುಮಾರು ಮೂರು ಗಂಟೆ ಹಿಡಿಯುತ್ತದೆ. ನೆರಳಲ್ಲಿ, ಸೀಟು ಮುಟ್ಟಿದರೆ ತಣ್ಣಗಿರುವಾಗ ಶುರುಮಾಡಿ. ಬಿಸಿಲಿಗೆ ಕಾದ ಸೀಟಿನ ಮೇಲೆ ಕ್ಲೀನರ್ ಒರೆಸುವ ಮೊದಲೇ ಒಣಗಿ ಕಲೆಯಾಗುತ್ತದೆ.

ಹಂತ 1: ಯಾವ ಲೆದರ್ ಎಂದು ಗುರುತಿಸಿ

ಸೀಟಿನ ಕೆಳಗೆ, ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಹನಿ ನೀರು ಇಡಿ. ಹನಿ ಮಣಿಯಂತೆ ನಿಂತರೆ ಲೇಪವಿದೆ, ನಿಶ್ಚಿಂತೆಯಿಂದ ಮುಂದುವರಿಯಿರಿ. ಒಂದೆರಡು ನಿಮಿಷದಲ್ಲಿ ಇಂಗಿ ಆ ಜಾಗ ಕಪ್ಪಾದರೆ ಅದು ಅನಿಲಿನ್ ಲೆದರ್, ಅಂದರೆ ಬಣ್ಣ ಕುಡಿಸಿ ಲೇಪ ಕೊಡದೆ ಬಿಟ್ಟದ್ದು. ತುಂಬ ದುಬಾರಿ ಕಾರುಗಳಲ್ಲಿ ಮಾತ್ರ ಕಾಣುತ್ತದೆ. ಅದಾದರೆ ಈ ಲೇಖನದ ನೀರು, ಬ್ರಷ್ ಯಾವುದೂ ಬೇಡ. ಅದಕ್ಕೆಂದೇ ಇರುವ ಕ್ಲೀನರ್ ತರಿಸಿ, ಇಲ್ಲವೇ ಬಲ್ಲವರ ಕೈಗೆ ಕೊಡಿ. ಹಳೆಯ ಸೀಟಿನಲ್ಲಿ ಸವೆದ ಬೋಲ್ಸ್ಟರ್ ಮಾತ್ರ ನೀರು ಕುಡಿದರೆ ಅಲ್ಲಿ ಲೇಪ ಹೋಗಿದೆ ಎಂದರ್ಥ. ಅಲ್ಲಿ ಕೈ ಹಗುರ ಇರಲಿ.

ಎಷ್ಟೋ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಸಂಗತಿ: ‘ಲೆದರ್ ಸೀಟು’ ಎಂದು ಮಾರಿದ ಕಾರಿನಲ್ಲಿ ನೀವು ಕೂರುವ, ಒರಗುವ ಭಾಗ ಮಾತ್ರ ಲೆದರ್ ಆಗಿರಬಹುದು. ಪಕ್ಕ, ಬೆನ್ನು, ಬಾಗಿಲು, ಡ್ಯಾಶ್‌ಬೋರ್ಡ್ ಹಲವು ಸಲ ರೆಕ್ಸಿನ್ ಜಾತಿಯ ಕೃತಕ ವಸ್ತು. ಬಿಎಂಡಬ್ಲ್ಯು ಅದನ್ನು ಸೆನ್ಸಾಟೆಕ್ ಎನ್ನುತ್ತದೆ, ಮರ್ಸಿಡಿಸ್ ಆರ್ಟಿಕೊ ಎನ್ನುತ್ತದೆ. ಅಲ್ಲಿಗೆ ಕ್ಲೀನರ್ ಸಾಕು. ಕಂಡೀಷನರ್ ಹಚ್ಚುವುದು ಬಂಡೆಗೆ ಗೊಬ್ಬರ ಹಾಕಿದ ಹಾಗೆ.

ಹಂತ 2: ಧೂಳು ಪೂರ್ತಿ ತೆಗೆಯಿರಿ

ಈ ಹಂತವನ್ನು ಹಾರಿಸುವವರೇ ಜಾಸ್ತಿ. ಧೂಳಿದ್ದಂತೆ ಬ್ರಷ್ ಹಾಕಿದರೆ ನೀವೇ ಮರಳು ಉಜ್ಜಿದಂತಾಯಿತು. ಸ್ಪೋರ್ಟ್ಸ್ ಸೀಟಿನ ಬೆನ್ನು ಜಾಸ್ತಿ ಹಿಂದಕ್ಕೆ ಬಾಗುವುದಿಲ್ಲ. ಸೀಟನ್ನು ಪೂರ್ತಿ ಮುಂದೆ ತಂದು ಹಿಂದಿನ ಸಂದಿಯಿಂದ, ಆಮೇಲೆ ಪೂರ್ತಿ ಹಿಂದೆ ತಳ್ಳಿ ಮುಂದಿನಿಂದ ವ್ಯಾಕ್ಯೂಮ್ ಮಾಡಿ. ಬೆನ್ನು ಮತ್ತು ಕೂರುವ ಭಾಗ ಸೇರುವ ಸೀಳನ್ನು ಎಡಗೈಯಿಂದ ಅಗಲಿಸಿ ಚಪ್ಪಟೆ ಮೂತಿ ಇಳಿಸಿ. ಟೋಲ್ ರಸೀದಿ, ಕಡಲೆಬೀಜದ ಸಿಪ್ಪೆ, ಕಿವಿಯೋಲೆ, ಎಲ್ಲ ಅಲ್ಲೇ ಸಿಗುವುದು.

ಎಚ್ಚರಿಕೆ: ಸೀಟಿನ ಕೆಳಗೆ ಹಳದಿ ಬಣ್ಣದ ವೈರು, ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿಗೋ ಸೀಟ್‌ಬೆಲ್ಟಿಗೋ ಸೇರಿದ್ದು. ಎಳೆಯಬೇಡಿ, ಬಿಚ್ಚಬೇಡಿ. ಕೆಳಗೆ ನೀರು ಸುರಿಯುವುದಂತೂ ಬೇಡ. ಕೆಲವು ಕಾರುಗಳಲ್ಲಿ ಮುಖ್ಯವಾದ ಎಲೆಕ್ಟ್ರಾನಿಕ್ ಪೆಟ್ಟಿಗೆಗಳೇ ಅಲ್ಲಿರುತ್ತವೆ. ಮೊದಲ ತಲೆಮಾರಿನ ಬಾಕ್ಸ್‌ಸ್ಟರ್‌ನಲ್ಲಿ ಅಲಾರಂ ಪೆಟ್ಟಿಗೆ ಸೀಟಿನ ಕೆಳಗೇ ಇದ್ದು, ಒಳಗೆ ನೀರು ನಿಂತು ಅದು ಕೆಟ್ಟ ಪ್ರಕರಣಗಳು ಆ ಕಾರಿನವರಿಗೆಲ್ಲ ಗೊತ್ತು.

ಹಂತ 3: ಕ್ಲೀನಿಂಗ್

ಮೊದಲು ಕಾಣದ ಜಾಗದಲ್ಲಿ ಸ್ವಲ್ಪ ಹಚ್ಚಿ ಒರೆಸಿ ನೋಡಿ. ಬಟ್ಟೆಗೆ ಸೀಟಿನ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ಬರದಿದ್ದರೆ ಮುಂದುವರಿಯಿರಿ.

ಕ್ಲೀನರನ್ನು ಸೀಟಿಗೆ ಸ್ಪ್ರೇ ಮಾಡಬೇಡಿ, ಬ್ರಷ್ಷಿಗೆ ಮಾಡಿ. ಸೀಟಿಗೇ ಹೊಡೆದರೆ ಹೊಲಿಗೆಯ ತೂತಿನಿಂದ ಒಳಗಿನ ಸ್ಪಂಜಿಗೆ ಇಳಿಯುತ್ತದೆ. ಗಾಳಿಯಾಡುವ ಸೀಟಾದರೆ, ಅಂದರೆ ಮೈಮೇಲೆಲ್ಲ ಸಣ್ಣ ರಂಧ್ರವಿರುವ ಲೆದರಾದರೆ, ಕೇಳುವುದೇ ಬೇಡ. ಒಳಗೆ ಫ್ಯಾನು, ವೈರು ಎಲ್ಲ ಇರುತ್ತದೆ. ಅಂಥ ಕಡೆ ಬ್ರಷ್ಷಿನಲ್ಲಿ ನೀರಲ್ಲ, ನೊರೆ ಮಾತ್ರ ಇರಬೇಕು.

ಒಂದು ಸಲಕ್ಕೆ ಒಂದು ಅಡಿ ಚೌಕದಷ್ಟು ಜಾಗ ಹಿಡಿಯಿರಿ. ನೊರೆ ಬರುವಂತೆ ಹಗುರವಾಗಿ ಸುತ್ತು ಹಾಕುತ್ತಾ ಉಜ್ಜಿ. ಅರ್ಧ ನಿಮಿಷದೊಳಗೆ ಬಿಳಿ ನೊರೆ ಟೀ ಬಣ್ಣಕ್ಕೆ ತಿರುಗುವುದು ಕಾಣುತ್ತದೆ. ಲೆದರಿನ ಮೇಲಿನ ಸಣ್ಣ ಗೆರೆಗಳೊಳಗೆ ಕೂತಿದ್ದ ಕೊಳೆ ಈಗ ನೊರೆಯಲ್ಲಿ ತೇಲುತ್ತಿದೆ. ಒಣಗುವ ಮೊದಲೇ, ಅದೇ ಗಳಿಗೆಯಲ್ಲಿ, ಒಣ ಬಟ್ಟೆಯಿಂದ ಎತ್ತಿಕೊಳ್ಳಿ. ಒತ್ತಿ ಎತ್ತಬೇಕು, ಆ ಕಡೆ ಈ ಕಡೆ ಬಳಿಯಬಾರದು. ಬಿಟ್ಟರೆ ಕೊಳೆ ಮತ್ತೆ ಅದೇ ಗೆರೆಗೆ ಇಳಿದು ಕೂರುತ್ತದೆ, ಉಜ್ಜಿದ್ದೆಲ್ಲ ವ್ಯರ್ಥ. ಆಮೇಲೆ ಆರ್‌ಒ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒಂದು ಸಲ ಒರೆಸಿ. ಕ್ಲೀನರಿನ ಅಂಶ ಉಳಿಯಬಾರದು.

ಇನ್ನೂ ಮಿಂಚುವ ತೇಪೆ ಕಂಡರೆ ಜೋರಾಗಿ ಉಜ್ಜಬೇಡಿ, ಇನ್ನೊಂದು ಸುತ್ತು ಮಾಡಿ. ಮೂರು ಹಗುರ ಸುತ್ತು ಒಂದು ಒರಟು ಸುತ್ತಿಗಿಂತ ಮೇಲು. ಬೋಲ್ಸ್ಟರಿಗೆ, ತೊಡೆಯ ಭಾಗಕ್ಕೆ ಎರಡು ಮೂರು ಸುತ್ತು ಬೇಕೇ ಬೇಕು. ಪಕ್ಕದ ಸೀಟಿಗೆ ಬಹುಪಾಲು ಒಂದೇ ಸುತ್ತು ಸಾಕಾಗುತ್ತದೆ.

ಹೊಲಿಗೆ ಬೇರೆ ಬಣ್ಣದ್ದಾಗಿದ್ದರೆ, ಕಪ್ಪು ಲೆದರಿಗೆ ಕೆಂಪು ದಾರ ಬಿಳಿ ದಾರ ಹಾಕಿರುತ್ತಾರಲ್ಲ, ಅದನ್ನು ಸಾಫ್ಟ್ ಟೂತ್‌ಬ್ರಷ್ಷಿನಿಂದ ದಾರದ ಉದ್ದಕ್ಕೆ ಮಾತ್ರ ಉಜ್ಜಿ. ಅಡ್ಡ ಉಜ್ಜಿದರೆ ದಾರ ಜೂಲಾಗುತ್ತದೆ. ಸೀಟಿನ ಹೊರಬದಿಯಲ್ಲಿ ಏರ್‌ಬ್ಯಾಗ್ ಎಂಬ ಚಿಕ್ಕ ಚೀಟಿ ಇದ್ದರೆ ಆ ಹೊಲಿಗೆಯನ್ನು ಇನ್ನಷ್ಟು ಜೋಪಾನವಾಗಿ ನೋಡಿಕೊಳ್ಳಿ. ಬಲೂನು ಉಬ್ಬಿದಾಗ ಅದು ಹರಿದುಕೊಳ್ಳುವಂತೆಯೇ ಹೊಲಿದಿರುತ್ತಾರೆ. ಅದನ್ನು ನೆನೆಸುವುದು, ಅಂಟು ಹಾಕುವುದು, ಮೇಲೆ ಸೀಟ್ ಕವರ್ ಬಿಗಿಯುವುದು ಯಾವುದೂ ಸಲ್ಲ.

ಮೆಲಮೈನ್ ಸ್ಪಂಜು ಬಗ್ಗೆ ಬೇರೆಯಾಗಿಯೇ ಹೇಳಬೇಕು. ಬಿಳಿ ಇಟ್ಟಿಗೆಯಂಥ, ನೀರು ಮುಟ್ಟಿಸಿ ಉಜ್ಜಿದರೆ ಗೋಡೆಯ ಪೆನ್ಸಿಲ್ ಗೀಟು ಮಾಯವಾಗುತ್ತದಲ್ಲ, ಅದೇ. ಕೈಗೆ ಮೆತ್ತಗಿದ್ದರೂ ಅದು ಅತಿ ನುಣುಪು ಉಪ್ಪುಕಾಗದ. ಕೆನೆ ಬಣ್ಣದ ಬೋಲ್ಸ್ಟರಿನಲ್ಲಿದ್ದ ಜೀನ್ಸ್ ನೀಲಿಯನ್ನು ನಾನು ಅದರಲ್ಲಿ ತೆಗೆದೆ. ಐದು ನಿಮಿಷದಲ್ಲಿ ಸೀಟು ಫಳಫಳ. ಮುಂದಿನ ತಿಂಗಳು ಅದೇ ಜಾಗಕ್ಕೆ ಮತ್ತೆ ನೀಲಿ ಹತ್ತಿತು, ಈ ಸಲ ಆಳಕ್ಕೆ, ಯಾಕೆಂದರೆ ತಡೆಯಲು ಲೇಪವೇ ಉಳಿದಿರಲಿಲ್ಲ. ಕೊನೆಗೆ ಬಣ್ಣ ಹೊಡೆಸಬೇಕಾಯಿತು.

ಹಂತ 4: ಸ್ಟೀರಿಂಗ್, ಗೇರು

ಕಾರಿನಲ್ಲಿ ಅತಿ ಹೆಚ್ಚು ಕೊಳೆಯಾಗುವುದು ಸ್ಟೀರಿಂಗ್. ಗಡಿಯಾರದ ಮುಳ್ಳು ಒಂಬತ್ತು ಮತ್ತು ಮೂರಕ್ಕೆ ಇರುವ ಜಾಗಗಳನ್ನು ಬೆಳಕಿಗೆ ಓರೆಯಾಗಿ ನೋಡಿ. ಅಲ್ಲಿ ಗಾಜಿನ ಹಾಗೆ ಹೊಳೆಯುತ್ತಿರುತ್ತದೆ, ಮೇಲುತುದಿಯಲ್ಲಿ ಮ್ಯಾಟ್ ಆಗಿರುತ್ತದೆ. ಆ ಮೇಲುತುದಿಯೇ ನಿಮಗೆ ಮಾದರಿ. ಪೂರ್ತಿ ಚಕ್ರ ಅದರಂತೆ ಕಾಣುವವರೆಗೆ, ಇಷ್ಟಿಷ್ಟೇ ಜಾಗ ಹಿಡಿದು, ಹಂತ 3ರಂತೆಯೇ ಮಾಡಿ. ಬಟ್ಟೆ ಕಪ್ಪಾದರೆ ಗಾಬರಿಯಾಗಬೇಡಿ. ಕಪ್ಪು ಸ್ಟೀರಿಂಗ್ ಆದರೆ ಅದು ಕೊಳೆಯೋ ಬಣ್ಣವೋ ಎಂಬ ಅನುಮಾನ ಬರುತ್ತದೆ: ಕೊಳೆಯಾದರೆ ಸುತ್ತಿನಿಂದ ಸುತ್ತಿಗೆ ಕಡಿಮೆಯಾಗುತ್ತದೆ, ಬಣ್ಣವಾದರೆ ಅಷ್ಟೇ ಬರುತ್ತಿರುತ್ತದೆ. 2020ರ ನಂತರ ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲೇ ಸ್ಟೀರಿಂಗ್ ಹಿಡಿದು ಲೇಪ ಕಿತ್ತುಕೊಂಡವರು ಬಹಳ. ಅದರಲ್ಲಿರುವ ಆಲ್ಕೋಹಾಲ್ ಲೇಪವನ್ನು ಮೆತ್ತಗೆ ಮಾಡುತ್ತದೆ. ಕೈ ಆರಿದ ಮೇಲೆ ಹಿಡಿಯಿರಿ.

ಸ್ಟೀರಿಂಗಿಗೂ ಪೆಡಲಿಗೂ ಜಾರುವ ಯಾವ ಪಾಲಿಶ್ ಕೂಡ ಮುಟ್ಟಿಸಬೇಡಿ. ತಿರುವಿನಲ್ಲಿ ಕೈ ಜಾರಿದರೆ ಲೆದರಿನ ಚಿಂತೆ ಮಾಡುವ ಸ್ಥಿತಿಯಲ್ಲಿ ನಾವಿರುವುದಿಲ್ಲ.

ಮ್ಯಾನ್ಯುಯಲ್ ಗೇರಿನ ಬುಡದಲ್ಲಿರುವ ಲೆದರ್ ಚೀಲ, ಗೇರ್ ಬೂಟು, ದಿನಕ್ಕೆ ನೂರಾರು ಸಲ ಮಡಚಿ ಬಿಚ್ಚಿಕೊಳ್ಳುತ್ತದೆ. ನೆರಿಗೆಯೊಳಗೆ ಧೂಳು ಕೂತು ಅಲ್ಲೇ ಬಿರುಕು ಬಿಡುತ್ತದೆ. ಎರಡನೇ ಗೇರಿಗೆ ಹಾಕಿ ಒಂದು ಬದಿ, ಮೂರಕ್ಕೆ ಹಾಕಿ ಇನ್ನೊಂದು ಬದಿ ಒರೆಸಿ. ಎಂಜಿನ್ ಆಫ್ ಇರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ.

ಹಂತ 5: ಅಲ್ಕಾಂತರಾ ಇದ್ದರೆ

ಅಲ್ಕಾಂತರಾ ಲೆದರಲ್ಲ. 1970ರಲ್ಲಿ ಜಪಾನಿನ ಟೋರೆ ಕಂಪನಿಯ ವಿಜ್ಞಾನಿ ಮಿಯೋಶಿ ಒಕಾಮೊಟೊ ಕಂಡುಹಿಡಿದ, ಇಟಲಿಯಲ್ಲಿ ತಯಾರಾಗುವ ಬಟ್ಟೆ. ಪಾಲಿಯೆಸ್ಟರ್ ಮತ್ತು ಪಾಲಿಯುರೆಥೇನ್ ಸೇರಿದ್ದು. ಮುಟ್ಟಿದರೆ ವೆಲ್ವೆಟ್ಟಿನಂತೆ. ಇದಕ್ಕೆ ಲೆದರ್ ಕಂಡೀಷನರ್ ಬಿದ್ದರೆ ರೋಮವೆಲ್ಲ ಅಂಟಿಕೊಂಡು ಹೋಗುತ್ತದೆ. ವ್ಯಾಕ್ಯೂಮ್ ಮಾಡಿ, ಬರೀ ನೀರಿನಲ್ಲಿ ಅದ್ದಿ ಹಿಂಡಿದ ಬಿಳಿ ಬಟ್ಟೆಯಿಂದ ಎಲ್ಲ ದಿಕ್ಕಿಗೂ ಒರೆಸಿ, ಒಣಗಿದ ಮೇಲೆ ಮೆತ್ತನೆ ಬ್ರಷ್ಷಿನಿಂದ ರೋಮ ಎಬ್ಬಿಸಿ. ಸ್ಟೀರಿಂಗ್ ಅಲ್ಕಾಂತರಾದ್ದಾದರೆ ಇದನ್ನು ಹದಿನೈದು ದಿನಕ್ಕೊಮ್ಮೆ ಮಾಡಿ. ಬೆವರುವ ಕೈಯವರಿಗೆ ಬೇರೆ ದಾರಿಯಿಲ್ಲ.

ಹಂತ 6: ಕಂಡೀಷನಿಂಗ್

ಕ್ಲೀನ್ ಮಾಡಿ ಒಂದು ಗಂಟೆಯಾದರೂ ಬಾಗಿಲು ತೆರೆದು ಒಣಗಲು ಬಿಡಿ. ಹೇರ್ ಡ್ರೈಯರ್ ಬೇಡ, ನೇರ ಬಿಸಿಲೂ ಬೇಡ, ಫ್ಯಾನ್ ಆಗಬಹುದು.

ಸ್ಪಂಜಿನ ಮೇಲೆ ಹತ್ತು ರೂಪಾಯಿ ನಾಣ್ಯದಷ್ಟು ಕಂಡೀಷನರ್. ಸೀಟಿನ ಕೂರುವ ಭಾಗ ಪೂರ್ತಿಗೆ ಅಷ್ಟು ಸಾಕು. ತೆಳ್ಳಗೆ, ಮುಖಕ್ಕೆ ಸ್ನೋ ಹಚ್ಚುವ ಹಾಗೆ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಒರೆಸಿ. ಒರೆಸಿದ ಮೇಲೆ ಬೆರಳು ಎಳೆದು ನೋಡಿ: ಗುರುತು ಉಳಿದರೆ, ಅಂಟಿದರೆ ಜಾಸ್ತಿ ಆಗಿದೆ, ಇನ್ನೊಮ್ಮೆ ಒರೆಸಿ. ಹೊಳಪು ಬರಲಿಲ್ಲವೆಂದು ಎರಡನೇ ಕೈ ಹಚ್ಚಬೇಡಿ. ಹೊಳಪು ಬರಬಾರದು.

ರಂಧ್ರವಿರುವ ಭಾಗದಲ್ಲಿ ಸ್ಪಂಜು ಬಿಟ್ಟು ಬಟ್ಟೆಗೆ ಹಚ್ಚಿಕೊಂಡು ಸವರಿ. ಇಲ್ಲದಿದ್ದರೆ ಪ್ರತಿ ರಂಧ್ರದಲ್ಲೂ ಬಿಳಿ ಚುಕ್ಕೆ, ಆಮೇಲೆ ಒಂದೊಂದಕ್ಕೂ ಹಲ್ಲುಕಡ್ಡಿ ಹಾಕುತ್ತಾ ಕೂರಬೇಕು.

ಬಣ್ಣದ ಲೇಪವಿರುವ ಲೆದರಿಗೆ ಇದರಿಂದ ಏನು ಲಾಭ ಎಂದು ಕೇಳಬಹುದು, ನ್ಯಾಯವಾದ ಪ್ರಶ್ನೆಯೇ. ಒಳಗೆ ಇಳಿಯುವುದು ಕಡಿಮೆ. ಲೇಪ ತೆಳುವಾದ ಕಡೆ, ಸುಕ್ಕಿರುವ ಕಡೆ ಸ್ವಲ್ಪ ಇಳಿಯುತ್ತದೆ. ಉಳಿದ ಕಡೆ ಮೇಲ್ಮೈಯ ಘರ್ಷಣೆ ತಗ್ಗಿಸುತ್ತದೆ, ಒಳ್ಳೆಯ ಉತ್ಪನ್ನವಾದರೆ ಬಿಸಿಲಿನ ನೇರಳಾತೀತ ಕಿರಣಕ್ಕೆ ಕೊಂಚ ತಡೆ ಕೊಡುತ್ತದೆ. ಜೀನ್ಸ್ ಬಣ್ಣ ಹತ್ತದಂತೆ ತಡೆಯುವ ‘ಪ್ರೊಟೆಕ್ಟರ್’ ಬೇರೆ ಬರುತ್ತದೆ. ತಿಳಿ ಬಣ್ಣದ ಸೀಟಿನವರು ಕಂಡೀಷನರಿಗಿಂತ ಮೊದಲು ಅದಕ್ಕೆ ದುಡ್ಡು ಹಾಕಿ.

ನನ್ನ ಲೆಕ್ಕ: ದಿನಾ ಓಡಿಸುವ ಕಾರಿಗೆ ಮೂರು ತಿಂಗಳಿಗೊಮ್ಮೆ ಕ್ಲೀನಿಂಗ್, ವರ್ಷಕ್ಕೆರಡು ಸಲ ಕಂಡೀಷನಿಂಗ್. ಛಾವಣಿ ತೆರೆದು ಓಡಿಸುವವರು, ದುಬೈ ದೋಹಾ ಕಡೆ ಇರುವ ನಮ್ಮವರು ಕಂಡೀಷನಿಂಗನ್ನು ವರ್ಷಕ್ಕೆ ಮೂರು ನಾಲ್ಕಕ್ಕೆ ಏರಿಸಬಹುದು. ಭಾನುವಾರ ಮಾತ್ರ ಹೊರಗೆ ತೆಗೆಯುವ ಕಾರಿಗೆ ಇದರ ಅರ್ಧ ಸಾಕು.

ಡ್ಯಾಶ್‌ಬೋರ್ಡಿಗೆ ಲೆದರ್ ಹೊದಿಸಿದ್ದರೆ ಅಲ್ಲಿ ಕಂಡೀಷನರ್ ಇನ್ನೂ ತೆಳು. ಜಿಡ್ಡು ಉಳಿದರೆ ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಬಿದ್ದು ಎದುರಿನ ರಸ್ತೆಯೇ ಮಸುಕಾಗುತ್ತದೆ. ಬಿಸಿಲಿಗೆ ಈ ಲೆದರ್ ಕುಗ್ಗಿ, ಗಾಜಿನ ಅಂಚಿನಲ್ಲಿ ಎದ್ದು ಬರುತ್ತದೆ. ಅದಕ್ಕೆ ಯಾವ ಲೋಷನ್ನೂ ಮದ್ದಲ್ಲ, ಇನ್ನೂರು ಮುನ್ನೂರು ರೂಪಾಯಿಯ ಸನ್‌ಶೇಡೇ ಮದ್ದು.

ಹಂತ 7: ಕಲೆ, ಬೂಷ್ಟು

ಅರಿಶಿನದ ಕಲೆಗೆ ಹೆದರಬೇಡಿ. ಸಾರು ಚೆಲ್ಲಿದರೆ ಒತ್ತಿ ಹೀರಿಸಿ, ಕ್ಲೀನರ್ ಹಾಕಿ ಒರೆಸಿ. ಉಳಿದ ಹಳದಿ ಬಿಸಿಲಿಗೆ ಮಾಸುತ್ತದೆ. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಬೆಳಗಿನ ಎಳೆಬಿಸಿಲಿನಲ್ಲಿ ನಾಲ್ಕಾರು ದಿನ ನಿಲ್ಲಿಸಿ ನೋಡಿ. ಬಾಲ್‌ಪೆನ್ನಿನ ಇಂಕು ಹಾಗಲ್ಲ. ಗಂಟೆಯೊಳಗೆ ಹಿಡಿದರೆ ಕ್ಲೀನರಿಗೆ ಬರಬಹುದು. ಹಳತಾದದ್ದಕ್ಕೆ ಸ್ಪಿರಿಟ್, ನೇಲ್ ಪಾಲಿಶ್ ರಿಮೂವರ್ ಹಾಕಿದರೆ ಇಂಕಿನ ಜೊತೆ ಸೀಟಿನ ಬಣ್ಣವೂ ಬರುತ್ತದೆ. ಚಿಕ್ಕ ಗೀಟಾದರೆ ಇರಲಿ ಬಿಡಿ.

ಮಳೆಗಾಲದಲ್ಲಿ ಮಂಗಳೂರು, ಮಡಿಕೇರಿ, ಸಾಗರದ ಕಡೆಯವರಿಂದ ಬರುವ ಪ್ರಶ್ನೆ ಬೂಷ್ಟಿನದು. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನ ಬಾಗಿಲು ತೆಗೆದರೆ ಮುಗ್ಗಲು ವಾಸನೆ, ಸೀಟಿನ ಮೇಲೆ ಬೂದು-ಬಿಳಿ ಹುಡಿ. ಮೊದಲು ಅದು ಬೂಷ್ಟೇ ಹೌದೋ ನೋಡಿ. ಚರ್ಮದೊಳಗಿನ ಕೊಬ್ಬು ಕೆಲವೊಮ್ಮೆ ಮೇಲೆ ಬಂದು ಬಿಳಿ ಮಬ್ಬಾಗಿ ಕೂರುತ್ತದೆ. ಹೇರ್ ಡ್ರೈಯರನ್ನು ದೂರದಿಂದ ಹಿಡಿದು ಹಗುರವಾಗಿ ಬಿಸಿ ಮಾಡಿ. ಕರಗಿ ಮಾಯವಾದರೆ ಕೊಬ್ಬು, ಹಾಗೇ ಇದ್ದರೆ ಬೂಷ್ಟು.

ಬೂಷ್ಟಾದರೆ ಕಾರನ್ನು ಬಯಲಿಗೆ ತಂದು, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಹುಡಿ ಹಾರದಂತೆ ಒದ್ದೆ ಬಟ್ಟೆಯಿಂದ ಒತ್ತಿ ಒರೆಸಿ, ಆ ಬಟ್ಟೆ ಎಸೆದುಬಿಡಿ. ಆಮೇಲೆ ಹಂತ 3, ಎರಡು ಸುತ್ತು. ಸೀಟ್‌ಬೆಲ್ಟನ್ನು ಪೂರ್ತಿ ಎಳೆದು ಒರೆಸಲು ಮರೆಯಬೇಡಿ, ಮ್ಯಾಟಿನ ಕೆಳಗೂ ಮುಟ್ಟಿ ನೋಡಿ. ಕೆಳಗೆ ತೇವವಿದ್ದರೆ ಬೂಷ್ಟು ವಾರದಲ್ಲಿ ವಾಪಸ್. ಕನ್ವರ್ಟಿಬಲ್, ಅಂದರೆ ಛಾವಣಿ ತೆರೆಯುವ ಕಾರಾದರೆ, ಛಾವಣಿಯ ನೀರು ಹೊರಹೋಗುವ ಕಂಡಿಗಳಲ್ಲಿ ಎಲೆ ಕಟ್ಟಿದೆಯೇ ನೋಡಿ, ಮೂಲ ಅಲ್ಲೇ ಇರುವುದು ಜಾಸ್ತಿ.

ತೇವ ಹೀರಲು ಕಾರಿನೊಳಗೆ ಸಿಲಿಕಾ ಜೆಲ್ ಚೀಲ ಇಡಿ. ನೀರು ತುಂಬಿಕೊಳ್ಳುವ ಪ್ಲಾಸ್ಟಿಕ್ ಡಬ್ಬಿ ಬೇಡ. ಅದರಲ್ಲಿ ಇರುವುದು ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಉಪ್ಪು, ಡಬ್ಬಿ ಮಗುಚಿ ಆ ನೀರು ಸೀಟಿಗೆ ಬಿದ್ದರೆ ಲೆದರ್ ಹಪ್ಪಳದಂತೆ ಸೆಟೆದು ಸುಕ್ಕಾಗುತ್ತದೆ. ಬೂಷ್ಟಿಗಿಂತ ದೊಡ್ಡ ನಷ್ಟ ಅದು.

ಹಂತ 8: ನಿಮ್ಮ ಕೈ ಮೀರಿದ್ದು

ಬಿರುಕು ಬಿಟ್ಟ ಲೇಪ ಕಂಡೀಷನರಿಗೆ ಕೂಡಿಕೊಳ್ಳುವುದಿಲ್ಲ. ‘ಬಿರುಕು ಮಾಯ’ ಎಂದು ಬಾಟಲಿ ಮೇಲೆ ಬರೆದಿದ್ದರೆ ಅದನ್ನು ಅಂಗಡಿಯಲ್ಲೇ ಬಿಡಿ. ಶೂ ಪಾಲಿಶ್ ಅಂತೂ ಹಚ್ಚಲೇಬೇಡಿ, ಮೊದಲ ಬಲಿ ನಿಮ್ಮ ಬಿಳಿ ಅಂಗಿ.

ಸವೆದ ಬೋಲ್ಸ್ಟರಿಗೆ ಬಣ್ಣ ಹೊಡೆಸಬೇಕೆಂದರೆ ರಿಪೇರಿಯವರನ್ನು ಮೂರು ಮಾತು ಕೇಳಿ. ಬಣ್ಣ ಹಾಕುವ ಮೊದಲು ಜಿಡ್ಡು ತೆಗೆಯುತ್ತೀರಾ? ಬಣ್ಣ ನೀರಿನ ಬೇಸ್‌ನದ್ದೋ ಥಿನ್ನರ್ ಬೇಸ್‌ನದ್ದೋ? ಮೇಲೆ ಮ್ಯಾಟ್ ಟಾಪ್‌ಕೋಟ್ ಕೊಡುತ್ತೀರಾ? ನೀರಿನ ಬೇಸ್‌ನ ಬಣ್ಣ, ಮ್ಯಾಟ್ ಟಾಪ್‌ಕೋಟ್ ಎಂದರೆ ಮುಂದುವರಿಯಿರಿ. ‘ಹೊಸದಕ್ಕಿಂತ ಜಾಸ್ತಿ ಶೈನಿಂಗ್ ಬರುತ್ತೆ ಸಾರ್’ ಎಂದರೆ ಕೀ ಜೇಬಿಗಿಳಿಸಿ.

ಬಣ್ಣ ಹೊಡೆಸಿದ ಮೇಲೆ ಕಾರು ಹತ್ತುವ ರೀತಿಯನ್ನೂ ಬದಲಿಸಿ, ಇಲ್ಲವಾದರೆ ಎರಡು ವರ್ಷಕ್ಕೆ ಮತ್ತೆ ಅದೇ ಕೆಲಸ. ಹಿಂಜೇಬಿನ ಪರ್ಸು, ಕೀಗೊಂಚಲು ಮೊದಲು ತೆಗೆಯಿರಿ. ಕಾರಿಗೆ ಬೆನ್ನು ಮಾಡಿ ನಿಂತು, ಬಲಗೈಯನ್ನು ಬಾಗಿಲ ಚೌಕಟ್ಟಿಗೆ ಊರಿ, ಬೋಲ್ಸ್ಟರನ್ನು ದಾಟಿ ಸೀಟಿನ ನಡುವಿಗೇ ಕೂತುಕೊಳ್ಳಿ, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ. ಇಳಿಯುವಾಗ ಇದರ ಉಲ್ಟಾ. ಮೊದಲ ವಾರ ಪಾರ್ಕಿಂಗಿನಲ್ಲಿ ನೋಡುವವರು ನಗುತ್ತಾರೆ.